ನಮ್ಮ ಮಕ್ಕಳನ್ನು ಎಲ್ಲಿಗೆ ಪ್ರವಾಸ ಕರೆದೊಯ್ಯೋಣ?

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಶಾಲೆಯು ನಡೆದುಬಂದ ದಾರಿಯನ್ನು ಕುರಿತು ಬರೆಯುವುದೇ ಉಚಿತವೆಂದು ಮೊದಲು ನನಗೆ ತೋರಿತು. ಆದರೆ ಆ ಕಾರ್ಯವನ್ನು ನನಗಿಂತ ಸಮರ್ಥವಾಗಿ ಮಾಡಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ಆದ್ದರಿಂದ ನಾನು ಒಂದು ಸಣ್ಣ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಅದು ಶಾಲಾ ಪ್ರವಾಸದ ವಿಷಯ. ಅದರ ನೆಪದಲ್ಲಿ ನನ್ನ ಸೇವಾವಧಿಯ ಒಂದು ತಪ್ಪನ್ನು ಒಪ್ಪಿಕೊಂಡು, ಈಗಿನ ಅಧ್ಯಾಪಕ ಬಂಧುಗಳ ಹಾಗೂ ಹಿರಿಯ ವಿದ್ಯಾರ್ಥಿಗಳ ಮುಂದೆ ಒಂದು ಸಲಹೆಯನ್ನು ಇಡಬೇಕೆಂದಿದ್ದೇನೆ.

ನಾನು ಸೇವೆಯಲ್ಲಿದ್ದಷ್ಟು ಕಾಲವೂ ಡಿಸೆಂಬರ್ ಅಥವಾ ಜನವರಿ ತಿಂಗಳಲ್ಲಿ ಶಾಲೆಯಿಂದ ಪ್ರವಾಸ ಹೊರಡುವ ವಾಡಿಕೆಯಿತ್ತು. ಒಂದು ವರ್ಷ ಮೈಸೂರು, ಶ್ರೀರಂಗಪಟ್ಟಣ, ಕನ್ನಂಬಾಡಿ ಕಟ್ಟೆ. ಮತ್ತೊಂದು ವರ್ಷ ಶ್ರವಣಬೆಳಗೊಳ, ಹಳೇಬೀಡು, ಬೇಲೂರು. ತಾಯಂದಿರು ಕಟ್ಟಿಕೊಟ್ಟ ಚಿತ್ರಾನ್ನ, ಪುಳಿಯೋಗರೆಯ ಪೊಟ್ಟಣಗಳೊಡನೆ ಮಕ್ಕಳು ನಸುಕಿಗೇ ಬಂದು ಶಾಲೆಯ ಗೇಟಿನ ಬಳಿ ನಿಂತಿರುತ್ತಿದ್ದರು. ತಮಿಳುನಾಡಿನಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ನಾಡನ್ನು ತೋರಿಸಬೇಕೆಂಬುದು ನನ್ನ ಉದ್ದೇಶವಾಗಿತ್ತು. ಆ ಉದ್ದೇಶ ಕೆಟ್ಟದೆಂದು ಇಂದಿಗೂ ನಾನು ಹೇಳಲಾರೆ.

ಅಂಥ ಒಂದು ಪ್ರವಾಸದಿಂದ ಹಿಂದಿರುಗುವಾಗ ರಾತ್ರಿ ಹನ್ನೊಂದು ದಾಟಿತ್ತು. ಬಸ್ಸು ಅತ್ತಿಬೆಲೆಯ ತನಿಖಾ ಠಾಣೆಯ ಬಳಿ ನಿಂತಿತು. ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ರಿಸುತ್ತಿದ್ದರು. ಏಳನೆಯ ತರಗತಿಯ ಹುಡುಗನೊಬ್ಬನು ಮಾತ್ರ ಎಚ್ಚರವಾಗಿದ್ದು, ಕಿಟಕಿಯಿಂದ ಹೊರಗೆ ನೋಡಿ, “ಸಾರ್, ಕನ್ನಡ ನಾಡು ಮುಗೀತಾ?” ಎಂದು ಕೇಳಿದನು. ನಾನೂ ದಣಿದಿದ್ದೆ. “ಹೂಂ, ಮುಗೀತಪ್ಪಾ, ಮಲಗಿಕೋ” ಎಂದುಬಿಟ್ಟೆ. ಅವನು ಮಲಗಿದನು. ಅವನ ಮನೆ ಇದ್ದದ್ದು ಹೊಸೂರಿನಲ್ಲಿ. ಅವನ ತಾಯಿ ಅವನನ್ನು ಕನ್ನಡದಲ್ಲಿ ಜೋಗುಳ ಹಾಡಿ ಮಲಗಿಸಿದ್ದೂ ಹೊಸೂರಿನಲ್ಲಿಯೇ. ನಿನ್ನ ಭಾಷೆಯ ನಾಡು ನಿನ್ನ ಮನೆಗೆ ಕೆಲವು ಮೈಲಿ ಮೊದಲೇ ಮುಗಿದುಹೋಗುತ್ತದೆಂದು ಅವನ ಮೇಷ್ಟ್ರೇ ಹೇಳಿಕೊಟ್ಟಂತಾಯಿತು. ಇದರ ಅರಿವು ನನಗೆ ಬಂದದ್ದು ನಿವೃತ್ತಿಯಾಗಿ ಬಹಳ ವರ್ಷಗಳಾದ ಮೇಲೆ.

ಅರಿವು ಮೂಡಿಸಿದವನೂ ನಮ್ಮ ಶಾಲೆಯ ವಿದ್ಯಾರ್ಥಿಯೇ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿರುವ ಆತ, ತರಬೇತಿಗೆಂದು ಜಪಾನ್ ದೇಶಕ್ಕೆ ಹೋಗಿಬಂದವನು, ನನ್ನನ್ನು ಕಾಣಲು ಬಂದು ಅಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದನು. ರಜೆಯ ಒಂದು ದಿನ ಅವನು ನಾರಾ ಎಂಬ ಪುರಾತನ ರಾಜಧಾನಿಯನ್ನು ನೋಡಿಕೊಂಡು ಬಂದಿದ್ದನು. ಅಲ್ಲಿ ತೋದಾಯಿಜಿ ಎಂಬ ಬೌದ್ಧ ದೇವಾಲಯವಿದೆ. ಅದರ ಕಂಚಿನ ಮಹಾಬುದ್ಧನಿಗೆ ಕ್ರಿ.ಶ. 752ರಲ್ಲಿ ನೇತ್ರೋನ್ಮೀಲನ ಮಾಡಿದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಆ ಬುದ್ಧನ ರಕ್ಷಣೆಗೆಂದು ಹಚಿಮನ್ ಎಂಬ ಶಿಂಟೋ ದೇವತೆಯನ್ನು ಅದಕ್ಕೂ ಮೊದಲೇ ಬರಮಾಡಿಕೊಂಡಿದ್ದರಂತೆ. ಹತ್ತಿರದಲ್ಲಿಯೇ ಕಸುಗಾ ಎಂಬ ಶಿಂಟೋ ಗುಡಿ, ಅದರ ಪಕ್ಕದಲ್ಲಿ ಕೊಫುಕುಜಿ ಎಂಬ ಬೌದ್ಧ ವಿಹಾರ. ಹುಟ್ಟಿದ ಮಣ್ಣಿನ ದೇವರೂ ಹೊರಗಿನಿಂದ ಬಂದ ಬುದ್ಧನೂ ಸಾವಿರ ವರ್ಷ ಒಂದೇ ಅಂಗಳದಲ್ಲಿ ಪೂಜೆಗೊಂಡರು. ಅಲ್ಲಿನ ಬೌದ್ಧ ಮಠಗಳಲ್ಲಿ ನಮ್ಮ ಪ್ರಾಚೀನ ಸಿದ್ಧಂ ಲಿಪಿಯ ಬೀಜಾಕ್ಷರಗಳನ್ನು ಇಂದಿಗೂ ಬರೆಯುತ್ತಾರೆ. ನಾವು ಮರೆತ ಲಿಪಿಯನ್ನು ದೂರದ ನೆಲವೊಂದು ಕಾಪಾಡಿಕೊಂಡಿದೆ.

ಆದರೆ 1868ರಲ್ಲಿ ಹೊಸ ಸರ್ಕಾರವು ಶಿಂಟೋ ದೇವತೆಗಳನ್ನೂ ಬುದ್ಧನನ್ನೂ ಬೇರ್ಪಡಿಸಬೇಕೆಂದು ಆಜ್ಞೆ ಹೊರಡಿಸಿತು. ಆಜ್ಞೆಯಲ್ಲಿ ಇದ್ದದ್ದು ಬೇರ್ಪಡಿಸುವ ಮಾತು ಮಾತ್ರ. ಜನರು ಅಲ್ಲಿಗೆ ನಿಲ್ಲಲಿಲ್ಲ. ದೇಶದ ಅನೇಕ ಕಡೆ ವಿಹಾರಗಳನ್ನು ಕೆಡವಿದರು, ವಿಗ್ರಹಗಳನ್ನು ಒಡೆದರು. ಕೊಫುಕುಜಿಯಂಥ ದೊಡ್ಡ ವಿಹಾರವೇ ಕೆಲಕಾಲ ಪಾಳುಬಿದ್ದಿತು. ಇದನ್ನೆಲ್ಲ ಹೇಳಿ ಆ ಶಿಷ್ಯನು, “ಸಾರ್, ಅಲ್ಲಿ ಎಲ್ಲಿ ನೋಡಿದರೂ ಸ್ಕೂಲ್ ಮಕ್ಕಳು. ಮೇಷ್ಟ್ರು ಜೊತೆಯಲ್ಲಿ ಸಾಲಾಗಿ ಬರ್ತಾರೆ, ನೋಟ್ ಬುಕ್ಕಿನಲ್ಲಿ ಬರ್ಕೊಳ್ತಾರೆ. ನಮ್ಮ ಹೊಸೂರಿನ ಸುತ್ತ ಇಂಥದ್ದು ಏನೂ ಇಲ್ಲವಾ?” ಎಂದನು. ಆ ಪ್ರಶ್ನೆ ಅತ್ತಿಬೆಲೆಯ ಪ್ರಶ್ನೆಯ ಮುಂದುವರಿಕೆಯೇ ಎಂದು ನನಗೆ ಅನ್ನಿಸಿತು. ಈ ಬಾರಿ ಅವಸರದ ಉತ್ತರ ಕೊಡಬಾರದೆಂದು ನಿಶ್ಚಯಿಸಿದೆ.

ಕಳೆದ ಚಳಿಗಾಲದಲ್ಲಿ ಈಗಿನ ಮುಖ್ಯೋಪಾಧ್ಯಾಯರ ಸಮ್ಮತಿ ಪಡೆದು, ಎಂಟನೆಯ ತರಗತಿಯ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋದೆವು. ಬಸ್ಸಿನ ಖರ್ಚನ್ನು ಆ ಶಿಷ್ಯನೇ ವಹಿಸಿಕೊಂಡನು. ಎಲ್ಲವೂ ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳ ದಾರಿಯಲ್ಲಿಯೇ. ಅತ್ತಿಬೆಲೆಯ ಕಡೆಗೆ ಬಸ್ಸನ್ನು ತಿರುಗಿಸಲೇ ಇಲ್ಲ.

ಮೊದಲು ಹತ್ತಿದ್ದು ನಮ್ಮ ಚಂದ್ರಚೂಡೇಶ್ವರನ ಬೆಟ್ಟವನ್ನು. ಪರಶಿವನು ಉಡದ ರೂಪ ತಾಳಿ ಇಲ್ಲಿಗೆ ಬಂದನೆಂಬ, ಹಿಂಬಾಲಿಸಿ ಬಂದ ಪಾರ್ವತಿಯು ಮರಕತಾಂಬಿಕೆಯಾಗಿ ನೆಲೆಸಿದಳೆಂಬ ಸ್ಥಳಪುರಾಣವನ್ನು ಮಕ್ಕಳೇ ನನಗೆ ಹೇಳಿದರು. ಪ್ರತಿ ವರ್ಷ ತೇರಿಗೆ ಹೋಗುವ ಮಕ್ಕಳಿಗೆ ತಿಳಿಯದೆ ಇದ್ದದ್ದು ಒಂದೇ. ಶಾಸನಗಳಲ್ಲಿ ಈ ಊರಿನ ಹಳೆಯ ಹೆಸರು ಸೆವಿಡಪಾಡಿ ಎಂದಿದೆ. ಹೊಯ್ಸಳರ ಆಳ್ವಿಕೆ ಈ ಬೆಟ್ಟದ ಬುಡದವರೆಗೂ ಅದರಾಚೆಗೂ ಹರಡಿತ್ತು. ಬೇಲೂರಿನಲ್ಲಿ ಹೊಯ್ಸಳರನ್ನು ಹುಡುಕುತ್ತಿದ್ದ ನಾನು ಮನೆಯ ಎದುರಿನ ಬೆಟ್ಟದಲ್ಲಿ ಅವರನ್ನು ಕಂಡಿರಲಿಲ್ಲ.

ಅಲ್ಲಿಂದ ಹೆದ್ದಾರಿ ಹಿಡಿದು, ಆಮೇಲೆ ಹಳ್ಳಿಯ ದಾರಿಗೆ ತಿರುಗಿ ಕುಂದಾಣಿಯನ್ನು ಸೇರಿದೆವು. 13ನೆಯ ಶತಮಾನದ ನಡುವಿನಲ್ಲಿ ಹೊಯ್ಸಳ ಸೋಮೇಶ್ವರನ ರಾಜ್ಯವು ಅವನ ಇಬ್ಬರು ಮಕ್ಕಳ ನಡುವೆ ಪಾಲಾಯಿತು. ಮೂರನೆಯ ನರಸಿಂಹನಿಗೆ ದೋರಸಮುದ್ರ. ರಾಮನಾಥನಿಗೆ ತಮಿಳು ಸೀಮೆ. ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿದ್ದ ರಾಮನಾಥನು ಪಾಂಡ್ಯರ ಒತ್ತಡಕ್ಕೆ ಸಿಕ್ಕಿ, ಕೊನೆಗೆ ಈ ಕುಂದಾಣಿಯನ್ನು ರಾಜಧಾನಿ ಮಾಡಿಕೊಂಡನು. ಇಂದು ಆ ಭಾಗದಲ್ಲಿ ಇರುವುದು ಹೊಲಗಳು, ಹಳೆಯ ಗುಡಿಗಳು, ಚಿನ್ನಕೊತ್ತೂರಿನ ಸುತ್ತಲಿನ ವೀರಗಲ್ಲುಗಳು. ರಾಗಿಯ ಕುಯಿಲು ಮುಗಿಸಿ ನಿಂತಿದ್ದ ರೈತರೊಬ್ಬರು ನಮ್ಮನ್ನು ತೆಲುಗಿನಲ್ಲಿ ವಿಚಾರಿಸಿದರು. ನಮ್ಮ ಚಾಲಕರು ತಮಿಳಿನಲ್ಲಿ ಉತ್ತರಿಸಿದರು. ನಾನು ಕನ್ನಡದಲ್ಲಿ ಮಾತನ್ನು ಮುಂದುವರಿಸಿದೆ. ಹತ್ತು ನಿಮಿಷ ಸಾಗಿದ ಆ ಮಾತುಕತೆಯಲ್ಲಿ ಯಾರೂ ಯಾರಿಗೂ ಅನುವಾದ ಮಾಡಬೇಕಾಗಲಿಲ್ಲ.

ರಾಮನಾಥನ ಶಾಸನಗಳು ಬಹುಪಾಲು ತಮಿಳಿನಲ್ಲಿವೆಯೆಂದೂ, ಅವನ ತರುವಾಯ ರಾಜ್ಯವನ್ನು ಒಂದುಗೂಡಿಸಿದ ಮೂರನೆಯ ಬಲ್ಲಾಳನು 1301ರಲ್ಲಿ ಕುಂದಾಣಿ ಸೀಮೆಯ ದೇವಾಲಯಗಳಿಗೂ ಮಠಗಳಿಗೂ ತೆರಿಗೆಯನ್ನು ಬಿಟ್ಟುಕೊಟ್ಟ ಆಜ್ಞೆಯೂ ತಮಿಳಿನಲ್ಲಿಯೇ ಇದೆಯೆಂದೂ ನಾನು ಹೇಳಿದೆ. ಹುಡುಗನೊಬ್ಬನಿಗೆ ಇದು ಸರಿಬೀಳಲಿಲ್ಲ. “ಕನ್ನಡದ ರಾಜ ತಮಿಳಲ್ಲಿ ಯಾಕೆ ಬರೆಸಿದ ಸಾರ್?” ಎಂದನು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, “ಓದೋರಿಗೆ ಅರ್ಥ ಆಗಬೇಕಲ್ಲವೇನೋ!” ಎಂದಳು. ನನ್ನ ಮೂವತ್ತು ವರ್ಷಗಳ ಚರಿತ್ರೆಯ ಪಾಠದಲ್ಲಿ ಇಷ್ಟು ಚೊಕ್ಕವಾದ ವಿವರಣೆಯನ್ನು ನಾನು ಕೊಟ್ಟಿದ್ದಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಿದೆವು. ವೀರಗಲ್ಲನ್ನು ಓದುವ ಕ್ರಮವನ್ನು ಮಕ್ಕಳಿಗೆ ಅಲ್ಲಿ ಹೇಳಿಕೊಟ್ಟೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಊರಿನ ದನಗಳನ್ನು ಕಳ್ಳರಿಂದ ಬಿಡಿಸುವಾಗ ಮಡಿದವನಿಗೂ ಕಲ್ಲು ನಿಲ್ಲಿಸುತ್ತಿದ್ದರು. ಈ ಜಿಲ್ಲೆಯ ಹಳ್ಳಿಗಳಲ್ಲಿ ವೇಡಿಯಪ್ಪನೆಂದು ಪೂಜೆಗೊಳ್ಳುವ ಎಷ್ಟೋ ದೇವರು ಹೀಗೆ ನಿಂತ ವೀರರೇ. ಇದೇ ಜಿಲ್ಲೆಯ ಮಲ್ಲಚಂದ್ರದ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ಮಯಿಲಾಡುಂಪಾರೈ ಎಂಬಲ್ಲಿ ದೊರೆತ ಕಬ್ಬಿಣದ ಕಾಲವು ಕ್ರಿ.ಪೂ. 2172ರಷ್ಟು ಹಿಂದಕ್ಕೆ ಹೋಗುತ್ತದೆಂದು 2022ರಲ್ಲಿ ತಮಿಳುನಾಡು ಸರ್ಕಾರವು ಪ್ರಕಟಿಸಿತು. ಕನ್ನಡಕ್ಕೂ ತಮಿಳಿಗೂ ಬರಹ ಹುಟ್ಟುವುದಕ್ಕೆ ಬಹಳ ಮೊದಲೇ ಇಲ್ಲಿ ಕುಲುಮೆ ಉರಿಯುತ್ತಿತ್ತು.

ಸಂಜೆ ಧರ್ಮಪುರಿಯ ಕೋಟೆಯ ಕಾಮಾಕ್ಷಿ ಮತ್ತು ಮಲ್ಲಿಕಾರ್ಜುನ ದೇವಾಲಯಗಳಿಗೆ ಹೋದೆವು. ಹಿಂದಿನ ತಗಡೂರು ಇದೇ. ಅವ್ವೈಯಾರಿಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನನ ಊರೆಂದು ನಮ್ಮ ಮಕ್ಕಳು ತಮಿಳು ಪಾಠದಲ್ಲಿ ಓದಿದ್ದಾರೆ. ನೊಳಂಬರು ಆಳಿದ ಊರೆಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಇಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬಿಬ್ಬರು ಜೈನ ಬಸದಿಯೊಂದನ್ನು ಕಟ್ಟಿಸಿದರೆಂದೂ, ಅದಕ್ಕಾಗಿ ಮಹೇಂದ್ರ ನೊಳಂಬನಿಂದ ಮೂಲಪಳ್ಳಿ ಎಂಬ ಗ್ರಾಮವು ದತ್ತಿಯಾಗಿ ದೊರೆಯಿತೆಂದೂ ಕ್ರಿ.ಶ. 893ರ ಕನ್ನಡ ಶಾಸನವು ಹೇಳುತ್ತದೆ. ಶಾಸನವಿರುವ ಕಂಬವು ಚೆನ್ನೈನ ವಸ್ತುಸಂಗ್ರಹಾಲಯವನ್ನು ಸೇರಿದೆ. ನೊಳಂಬ ಶೈಲಿಯ ಕಂಬಗಳ ನಡುವೆ ನಿಂತು ನಾನು ಈ ಸಂಗತಿಯನ್ನು ಹೇಳುವಾಗ ಮಕ್ಕಳು ಮೌನವಾಗಿ ಕೇಳಿದರು. ಕನ್ನಡ ಅರಸನ ತಮಿಳು ಶಾಸನದ ಕಥೆಯನ್ನು ಬೆಳಿಗ್ಗೆ, ತಮಿಳು ಅರಸನ ಊರಿನ ಕನ್ನಡ ಶಾಸನದ ಕಥೆಯನ್ನು ಸಂಜೆ ಕೇಳಿದ ಆ ಮಕ್ಕಳಿಗೆ ನಾನು ಬೇರೆ ಉಪದೇಶ ಮಾಡಬೇಕಾಗಲಿಲ್ಲ.

ಈ ಪ್ರವಾಸದ ಸುದ್ದಿ ಹರಡಿದ ಮೇಲೆ ಹಿರಿಯ ವಿದ್ಯಾರ್ಥಿಗಳಲ್ಲಿ ಮೂರು ಬಗೆಯ ಮಾತುಗಳು ಕೇಳಿಬಂದವು. ಅವುಗಳಿಗೆ ಉತ್ತರಿಸುವುದು ನನ್ನ ಕರ್ತವ್ಯ.

ಮೊದಲನೆಯವರು, “ಒಳ್ಳೆಯ ಕೆಲಸ ಮಾಡಿದಿರಿ ಮೇಷ್ಟ್ರೇ, ಇದು ನಮ್ಮ ನೆಲವೆಂದು ಈಗ ಸಾಬೀತಾಯಿತು” ಎಂದರು. ಅವರ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಅವರ ತರ್ಕವನ್ನು ಒಪ್ಪಲಾರೆ. ಧರ್ಮಪುರಿಯ ಕನ್ನಡ ಕಂಬವು ಆ ಊರನ್ನು ಕನ್ನಡಿಗರಿಗೆ ಬರೆದುಕೊಡುವುದಾದರೆ, ಬೆಂಗಳೂರಿನ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿರುವ, ಕೋಲಾರ ಸೀಮೆಯಲ್ಲೆಲ್ಲ ಹರಡಿರುವ ತಮಿಳು ಶಾಸನಗಳು ಆ ಊರುಗಳನ್ನು ಯಾರಿಗೆ ಬರೆದುಕೊಡಬೇಕು? ದತ್ತಿ ಕೊಟ್ಟವನು ಗುಡಿಯ ದೀಪ ಉರಿಯಲೆಂದು, ಬಸದಿಯ ಜೀರ್ಣೋದ್ಧಾರವಾಗಲೆಂದು ಕಲ್ಲು ಹಾಕಿಸಿದನು. ಅದನ್ನು ಗಡಿಕಲ್ಲಾಗಿ ಮಾಡುವ ಹಕ್ಕು ನಮಗಿಲ್ಲ. ಆಜ್ಞೆಯೊಂದು ಹೊರಟ ಮೇಲೆ ಜನರು ಎಲ್ಲಿಯವರೆಗೆ ಹೋಗಬಲ್ಲರೆಂಬುದಕ್ಕೆ ನಾರಾದ ವಿಹಾರವೇ ಸಾಕ್ಷಿ. 1956ರಲ್ಲಿ ಭಾಷಾವಾರು ಪ್ರಾಂತಗಳ ರಚನೆಯಾಗಿ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆಡಳಿತಕ್ಕೆ ಒಂದು ಗೆರೆ ಬೇಕಾಗಿತ್ತು, ಎಳೆದರು. ಆ ಗೆರೆಯನ್ನು ಮಕ್ಕಳ ಮನಸ್ಸಿನೊಳಗೂ ಎಳೆಯಬೇಕಾಗಿರಲಿಲ್ಲ. ನಾನು ಎಳೆದೆ.

ಎರಡನೆಯವರು, “ಹಳೆಯ ಕಲ್ಲುಗಳನ್ನು ಕೆದಕಿ ನೆರೆಹೊರೆಯವರ ಮನಸ್ಸು ಕೆಡಿಸುವುದೇಕೆ?” ಎಂದರು. ಇವರ ಭಯ ನನಗೆ ಅರ್ಥವಾಗುತ್ತದೆ. ಕಾವೇರಿಯ ವಿಷಯವಾಗಿ ಬಸ್ಸುಗಳು ನಿಂತ ದಿನಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಗೊತ್ತಿಲ್ಲದೆ ಇರುವುದರಿಂದ ಸ್ನೇಹ ಬೆಳೆಯುವುದಿಲ್ಲ. ಮುಂದಿನ ವರ್ಷದಿಂದ ಬಸ್ಸಿನ ಅರ್ಧದಷ್ಟು ಆಸನಗಳನ್ನು ನೆರೆಯ ತಮಿಳು ಮಾಧ್ಯಮ ಶಾಲೆಯ ಮಕ್ಕಳಿಗೆ ಕೊಡಬೇಕೆಂಬುದು ನನ್ನ ಸಲಹೆ. ಕುಂದಾಣಿಯ ಶಾಸನವನ್ನು ಅವರು ನಮ್ಮ ಮಕ್ಕಳಿಗೆ ಓದಿ ಹೇಳಲಿ, ನೊಳಂಬರ ಶಾಸನವನ್ನು ನಮ್ಮವರು ಅವರಿಗೆ ಓದಿ ಹೇಳಲಿ.

ಮೂರನೆಯವರು ಪೋಷಕರು. ಅವರ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು. “ಇದರಿಂದ ಮಗುವಿಗೆ ಎಷ್ಟು ಮಾರ್ಕ್ಸ್ ಬರುತ್ತೆ ಸಾರ್?” 2006ರ ತಮಿಳು ಕಲಿಕಾ ಕಾಯ್ದೆಯು ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ತಮಿಳನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಬೇಕೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಬದುಕುವ ಊರಿನ ಭಾಷೆಯನ್ನು ಅರಿಯದವನು ಆ ಊರಿಗೆ ಕಿವುಡನಾಗಿರುತ್ತಾನೆ. ಆದರೆ ತಮಿಳು ಕಡ್ಡಾಯವಾಯಿತೆಂಬ, ಇಂಗ್ಲಿಷ್ ಅನ್ನ ಕೊಡುತ್ತದೆಂಬ ಕಾರಣಕ್ಕೆ ಕನ್ನಡವನ್ನು ಬಿಡಿಸುವ ತಂದೆತಾಯಂದಿರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ನಾನು ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಅಷ್ಟರಿಂದಲೇ ಬದುಕು ಕಟ್ಟಿಕೊಂಡವನು. ನನ್ನ ಕಾಲ ಬೇರೆ, ಈ ಮಕ್ಕಳ ಕಾಲ ಬೇರೆ ಎಂಬುದನ್ನು ಬಲ್ಲೆ. ಮಾರ್ಕ್ಸು ಬರುವುದಿಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳುತ್ತೇನೆ. ಕನ್ನಡವನ್ನೂ ತಮಿಳನ್ನೂ ಓದಬಲ್ಲ ಮಗುವಿಗೆ ಈ ಜಿಲ್ಲೆಯ ಕಲ್ಲುಗಳೆಲ್ಲ ತೆರೆದ ಪುಸ್ತಕ. ಒಂದೇ ಭಾಷೆ ಬಲ್ಲ ದೊಡ್ಡ ವಿದ್ವಾಂಸನಿಗೆ ಇಲ್ಲಿ ಅರ್ಧ ಪುಸ್ತಕ ಮಾತ್ರ ದಕ್ಕುತ್ತದೆ. ಇಂಥ ಮಕ್ಕಳು ಹುಟ್ಟುವುದು ನಮ್ಮಂಥ ಗಡಿನಾಡಿನ ಶಾಲೆಗಳಲ್ಲಿ. ಆ ಶಾಲೆಗಳು ಬರಿದಾದರೆ ಕಲ್ಲುಗಳನ್ನು ಓದುವವರು ಎಲ್ಲಿಂದ ಬರಬೇಕು?

ಇದು ಬರಿಯ ಮಾತಿನ ಚಿಂತೆಯಲ್ಲ. ಡೆಂಕಣಿಕೋಟೆಯ ಸಮೀಪದ ನಮ್ಮ ಹಳ್ಳಿಯ ಕೆರೆಯ ತೂಬಿನ ಬಳಿ ಒಂದು ಚಪ್ಪಡಿ ನಿಂತಿತ್ತು. ಬಿಲ್ಲು ಹಿಡಿದ ವೀರನೊಬ್ಬನ ಕೆತ್ತನೆ, ಅವನ ಕಾಲ ಬಳಿ ಎರಡು ಹಸುಗಳು. ಬಾಲ್ಯದಲ್ಲಿ ನಾವು ಅದರ ಮೇಲೆ ಹತ್ತಿ ಕೆರೆಗೆ ಧುಮುಕುತ್ತಿದ್ದೆವು. ವರ್ಷಕ್ಕೊಮ್ಮೆ ನನ್ನ ತಾಯಿ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಅದರ ಕೆಳಭಾಗ ಮಣ್ಣಿನಲ್ಲಿ ಹೂತಿತ್ತು. ನಿವೃತ್ತನಾದ ಮೇಲೆ ಬಿಡುವು ಮಾಡಿಕೊಂಡು ಅದನ್ನು ನೋಡಬೇಕೆಂದು ಹೋದೆ. ಕೆರೆಯ ಏರಿಯ ಮೇಲೆ ರಸ್ತೆಯನ್ನು ಅಗಲ ಮಾಡಿದ್ದರು, ಕಲ್ಲು ಇರಲಿಲ್ಲ. ಒಡೆದು ಜಲ್ಲಿಯ ಕೆಳಗೆ ಹಾಕಿದರೆಂದು ಊರಿನವರು ಹೇಳಿದರು. ಅದರಲ್ಲಿ ಬರಹವಿತ್ತೇ, ಇದ್ದರೆ ಕನ್ನಡವೋ ತಮಿಳೋ ಎಂಬುದು ಇನ್ನು ಯಾರಿಗೂ ತಿಳಿಯಲಾರದು. ಕೆಲಸ ಮಾಡಿಸಿದವರನ್ನು ನಾನು ದೂರುವುದಿಲ್ಲ. ಹತ್ತಾರು ವರ್ಷ ಚರಿತ್ರೆ ಕಲಿಸಿದ ಈ ಊರಿನ ಮೇಷ್ಟ್ರೇ ಅದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟಿರಲಿಲ್ಲ. ಆಗ ನಾನು ಮಕ್ಕಳಿಗೆ ಹಳೇಬೀಡನ್ನು ತೋರಿಸುತ್ತಿದ್ದೆ.

ಆದ್ದರಿಂದ ಸುವರ್ಣ ಮಹೋತ್ಸವದ ನೆನಪಿಗಾಗಿ ಕಟ್ಟಡ, ಕಮಾನುಗಳ ಜೊತೆಗೆ ಈ ಕೆಲವು ಕಾರ್ಯಗಳನ್ನೂ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ. ಪ್ರತಿ ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಈ ಒಂದು ದಿನದ ಪ್ರವಾಸ ತಪ್ಪದೆ ನಡೆಯಲಿ. ಒಂದು ಬಸ್ಸಿನ ಖರ್ಚನ್ನು ಹಿರಿಯ ವಿದ್ಯಾರ್ಥಿಗಳ ಸಂಘವು ವಹಿಸಿಕೊಳ್ಳಲಿ. ಮೈಸೂರು, ಬೇಲೂರುಗಳ ಪ್ರವಾಸವನ್ನು ಬಿಡಬೇಕಾಗಿಲ್ಲ. ಅದು ಒಂಬತ್ತನೆಯ ತರಗತಿಗೆ ಇರಲಿ, ಮನೆಯ ಸುತ್ತಲನ್ನು ಮೊದಲು ನೋಡಲಿ. ಪ್ರತಿಯೊಂದು ಮಗುವೂ ತನ್ನ ಊರಿನ ಒಂದು ಹಳೆಯ ಕಲ್ಲನ್ನು ಗುರುತಿಸಿ, ಅದು ಇರುವ ಜಾಗ, ಅಳತೆ, ಚಿತ್ರಗಳನ್ನು ಶಾಲೆಯ ಒಂದು ದಪ್ಪ ಪುಸ್ತಕದಲ್ಲಿ ಬರೆಯಲಿ. ಅಕ್ಷರ ಕಾಣಲೆಂದು ಕಲ್ಲಿಗೆ ಬಣ್ಣ ಬಳಿಯುವುದು, ಇದ್ದ ಜಾಗದಿಂದ ಕೀಳುವುದು ಬೇಡ. ಬರಹ ಕಂಡುಬಂದರೆ ಅದು ಯಾವ ಭಾಷೆಯದೇ ಆಗಿರಲಿ, ಪುರಾತತ್ವ ಇಲಾಖೆಗೆ ಪತ್ರ ಬರೆದು ತಿಳಿಸುವುದನ್ನು ಮಕ್ಕಳೇ ಕಲಿಯಲಿ. ಆ ಪುಸ್ತಕಕ್ಕೆ ಮೊದಲ ಹಾಳೆಯನ್ನು ನಾನು ಬರೆದುಕೊಟ್ಟಿದ್ದೇನೆ. ಅದರಲ್ಲಿರುವುದು ಈಗ ಇಲ್ಲದ ನಮ್ಮ ಕೆರೆಯ ಕಲ್ಲಿನ ವರ್ಣನೆ, ನನಗೆ ನೆನಪಿರುವಷ್ಟು.

ಅಂದು ಅತ್ತಿಬೆಲೆಯಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಅವನ ಕೈಗೆ ಈ ಸಂಚಿಕೆ ಸೇರೀತೆಂಬ ಆಸೆ ನನಗಿದೆ. ಮಗೂ, ಅಂದು ನಾನು ಕೊಟ್ಟ ಉತ್ತರ ತಪ್ಪು. ಅತ್ತಿಬೆಲೆಯಲ್ಲಿ ಕನ್ನಡ ಮುಗಿಯುವುದಿಲ್ಲ. ತಮಿಳು ಅಲ್ಲಿಂದಾಚೆಗೆ ಮಾತ್ರ ಇರುವುದೂ ಅಲ್ಲ. ನಿನ್ನ ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಧರ್ಮಪುರಿಯ ಕೋಟೆಯವರೆಗೆ ಹೋಗಿ ಬಾ. ಕಾಲು ಗಟ್ಟಿಯಾಗಿದ್ದರೆ ನಾನೂ ಜೊತೆಗೆ ಬರುತ್ತೇನೆ.

ನಮ್ಮ ಶಾಲೆ ನೂರರ ಹಬ್ಬವನ್ನೂ ಕಾಣಲಿ, ಅಂದಿನ ಮಕ್ಕಳೂ ಕನ್ನಡದಲ್ಲಿಯೇ ಪ್ರಶ್ನೆ ಕೇಳುವಂತಾಗಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.